ಚಾರ್ಟಿನ ಅಕ್ಷರ ಕಂಡವನಿಗೆ ಕಬ್ಬಿನ ಗಾಡಿ ಕಾಣದೇ ಹೋದದ್ದು: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮಂಡ್ಯ ನಗರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆದುಕೊಡುವ ಕೆಲಸ ಮಾಡಿಕೊಂಡು ಬಂದಿರುವ ನಾನು, ತಾವು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರೂ ಆಗಿರುವ ಕಾರಣಕ್ಕೆ ಈ ಪತ್ರವನ್ನು ಬರೆಯುತ್ತಿದ್ದೇನೆ. ಇದನ್ನು ಅರ್ಜಿಯ ರೂಪದಲ್ಲಿ ತಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಹಿಂಬರಹಕ್ಕಾಗಿ ಕಾಯಬಹುದಿತ್ತು. ಆದರೆ ಇದರಲ್ಲಿರುವ ವಿಷಯ, ಅಂದರೆ ಕುಡಿದು ಗಾಡಿ ಓಡಿಸುವವನ ಕಣ್ಣಿಗೆ ಏನಾಗುತ್ತದೆ ಎನ್ನುವುದು, ತಮಗೆ ಎಷ್ಟು ಸಂಬಂಧಿಸಿದ್ದೋ, ಸಂಜೆ ಒಂದು ಅರವತ್ತು ಹಾಕಿಕೊಂಡು ಗಾಡಿ ಹತ್ತುವ ನನ್ನಂಥವರಿಗೂ ಅಷ್ಟೇ ಸಂಬಂಧಿಸಿದ್ದು. ಆದ್ದರಿಂದ ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆದಿದ್ದೇನೆ. ‘ನನ್ನಂಥವರು’ ಎಂದು ಬಾಯಿತಪ್ಪಿ ಬರೆದದ್ದಲ್ಲ. ಆ ಕಥೆ ಮುಂದೆ ಬರುತ್ತದೆ.

ಪ್ರತಿವರ್ಷ ಜನವರಿಯಲ್ಲಿ ರಸ್ತೆ ಸುರಕ್ಷತಾ ಮಾಸಾಚರಣೆಯ ಅಂಗವಾಗಿ ಚಾಲಕರಿಗೆ ಉಚಿತ ಕಣ್ಣಿನ ತಪಾಸಣಾ ಶಿಬಿರಗಳು ನಡೆಯುತ್ತವೆ. ಕರೆದ ಕಡೆಗೆಲ್ಲ ನಾನೂ ಹೋಗಿ ಕುಳಿತಿದ್ದೇನೆ. ಆರು ಮೀಟರ್ ದೂರದ ಗೋಡೆಗೆ ಚಾರ್ಟು ತೂಗುಹಾಕಿ, ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು ಬೀಳುವಂತೆ ಮಾಡಿ, ಒಂದು ಕಣ್ಣು ಮುಚ್ಚಿಸಿ, ಮೇಲಿನ ದಪ್ಪ ಅಕ್ಷರದಿಂದ ಕೆಳಗಿನ ಸಣ್ಣ ಸಾಲಿನವರೆಗೆ ಓದಿಸುತ್ತೇವೆ. ನೆದರ್ಲೆಂಡ್ಸಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲ್ಲನ್ 1862ರಲ್ಲಿ ರೂಪಿಸಿದ ಪದ್ಧತಿ ಇದು. ಓದಿದವರಿಗೆ 6/6 ಎಂದು ಚೀಟಿ ಬರೆದುಕೊಡುತ್ತೇವೆ, ತಡವರಿಸಿದವರಿಗೆ ಕನ್ನಡಕ. ಒಂದು ಶಿಬಿರದಲ್ಲಿ, ಬೆಳಗಿನ ಒಂಬತ್ತೂವರೆಯ ಹೊತ್ತಿಗೆ, ಟ್ರ್ಯಾಕ್ಟರ್ ಚಾಲಕರೊಬ್ಬರು ನನ್ನೆದುರಿನ ಸ್ಟೂಲಿನ ಮೇಲೆ ಬಂದು ಕುಳಿತರು. ಹಿಂದಿನ ರಾತ್ರಿ ಕುಡಿದದ್ದರ ವಾಸನೆ ಮೂರು ಅಡಿ ದೂರದ ನನಗೆ ಚೆನ್ನಾಗಿ ಬರುತ್ತಿತ್ತು. ಆದರೂ ಅವರು ಕೊನೆಯ ಸಾಲನ್ನು ಎರಡೂ ಕಣ್ಣಿನಲ್ಲಿ ಒಂದು ತಪ್ಪೂ ಇಲ್ಲದೆ ಓದಿದರು. ನಾನು 6/6 ಎಂದು ಬರೆದು ಸಹಿ ಹಾಕಿದೆ, ಅವರು ಅದನ್ನು ಜೇಬಿಗಿಟ್ಟುಕೊಂಡು ಹೊರಗೆ ನಿಂತಿದ್ದ ಟ್ರ್ಯಾಕ್ಟರ್ ಹತ್ತಿದರು.

ಆ ದಿನ ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಪರೀಕ್ಷೆ ಸರಿಯಾಗಿಯೇ ನಡೆದಿತ್ತು. ಮದ್ಯ ಸ್ವಲ್ಪ ಪ್ರಮಾಣದಲ್ಲಿ ದೇಹದಲ್ಲಿದ್ದಾಗ, ನಿಂತಿರುವ ಅಕ್ಷರವನ್ನು ಗುರುತಿಸುವ ಕಣ್ಣಿನ ಶಕ್ತಿ ಅಷ್ಟಾಗಿ ಕುಂದುವುದಿಲ್ಲ ಎನ್ನುವುದು ತಿಳಿದ ಸಂಗತಿಯೇ. ನಾನು ಗಮನಿಸದೆ ಬಿಟ್ಟದ್ದು ನನ್ನ ಕೈಯಲ್ಲಿದ್ದ ಕೋಲನ್ನು. ಚಾರ್ಟಿನ ಯಾವ ಅಕ್ಷರ ಓದಬೇಕೆಂದು ಆ ಕೋಲನ್ನು ಅದರ ಕೆಳಗೆ ಇಟ್ಟು ನಾನೇ ತೋರಿಸುತ್ತೇನೆ. ಎಲ್ಲಿ ನೋಡಬೇಕೆಂದು ಹುಡುಕುವ ಕೆಲಸವನ್ನು ಚಾಲಕನಿಗೆ ಬಿಡುವುದೇ ಇಲ್ಲ. ಬಸರಾಳಿನ ರಸ್ತೆಯಲ್ಲಿ ರಾತ್ರಿ ಒಂಬತ್ತು ಗಂಟೆಗೆ ‘ಇಲ್ಲಿ ನೋಡು, ಗಾಡಿ ಇದೆ’ ಎಂದು ಕೋಲು ಹಿಡಿದು ತೋರಿಸುವವರು ಯಾರೂ ಇರುವುದಿಲ್ಲ. ಚಾಲನಾ ಪರವಾನಗಿಗೆ ಕೊಡುವ ನಮೂನೆ 1ರ ಘೋಷಣೆಯಲ್ಲಿ ಕೇಳುವುದೂ ಇಂಥದ್ದೇ ಪ್ರಶ್ನೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ? ನಂಬರ್ ಪ್ಲೇಟು ಎಲ್ಲಿರುತ್ತದೆಂದು ಎಲ್ಲರಿಗೂ ಗೊತ್ತು, ಬೆಳಕೂ ಇದೆ, ಸಮಯವೂ ಇದೆ.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದಿನ ಡಿಸೆಂಬರ್ ತಿಂಗಳು. ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಷಡ್ಡಕರ ಮನೆಯ ಬೀಗರೂಟ. ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಮಾತಿಗೆ ಕುಳಿತವರು ಏಳಲಿಲ್ಲ, ಸಂಜೆಗೆ ಮತ್ತೊಮ್ಮೆ ಮುದ್ದೆ ಬಂತು, ಸಾರು ಬಂತು, ಬಾಟಲಿಯೂ ಬಂತು. ನಾನು ಕುಡಿದದ್ದು ಅಳತೆ ಮಾಡಿಸಿಕೊಂಡು ಎರಡು ಪೆಗ್, ಅಂದರೆ ಮೂವತ್ತು ಮಿಲಿಯ ಎರಡು. ಮೂರನೆಯದಕ್ಕೆ ಕೈ ಅಡ್ಡ ಹಿಡಿದೆ ಎಂಬುದಕ್ಕೆ ಅಲ್ಲಿದ್ದವರೆಲ್ಲ ಸಾಕ್ಷಿ. ರಾತ್ರಿ ಒಂಬತ್ತಕ್ಕೆ ಮುಂಚೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಮಂಡ್ಯದ ಕಡೆ ಹೊರಟೆ. ಕಾಲು ತೊಡರಿರಲಿಲ್ಲ, ಮಾತು ತೊದಲಿರಲಿಲ್ಲ. ವೇಗ ಅರವತ್ತರ ಆಸುಪಾಸು. ಇನ್ನೂ ಹೇಳುವುದಾದರೆ, ಕುಡಿದಿದ್ದೇನೆ ಎನ್ನುವ ಅರಿವಿನಿಂದಲೇ ಅವತ್ತು ಎಂದಿಗಿಂತ ಹೆಚ್ಚು ಜಾಗರೂಕನಾಗಿ, ಕಣ್ಣನ್ನು ರಸ್ತೆಗೆ ಕೀಲಿಸಿಕೊಂಡು ಓಡಿಸುತ್ತಿದ್ದೆ.

ಎದುರಿನಿಂದ ಒಂದು ಬಸ್ಸು ಬರುತ್ತಿತ್ತು, ಲೈಟು ಡಿಮ್ ಮಾಡಿರಲಿಲ್ಲ. ಆ ಬೆಳಕಿಗೆ ಬೈಯುತ್ತ, ರಸ್ತೆಯ ಎಡ ಅಂಚನ್ನು ಹಿಡಿದುಕೊಂಡು ಹೋಗುತ್ತಿದ್ದಾಗ ಹಿಂದಿನಿಂದ ‘ರೀ, ಗಾಡೀ!’ ಎಂಬ ಕೂಗು ಕೇಳಿಸಿತು. ಆಲೆಮನೆಗೆ ಕಬ್ಬು ತುಂಬಿಕೊಂಡು ಹೋಗುತ್ತಿದ್ದ ಎತ್ತಿನಗಾಡಿ ನನ್ನ ಮುಂದೆ ಹತ್ತು ಹದಿನೈದು ಮೀಟರಿನಲ್ಲಿತ್ತು. ಹಿಂದಕ್ಕೆ ಚಾಚಿಕೊಂಡಿದ್ದ ಕಬ್ಬಿನ ಜಲ್ಲೆಗಳ ತುದಿ ನನ್ನ ಮುಖದ ಎತ್ತರಕ್ಕೆ ಬಂದದ್ದು ಈಗಲೂ ನೆನಪಿದೆ. ಬೈಕನ್ನು ಮಣ್ಣಿಗೆ ಇಳಿಸಿದೆ, ಇಬ್ಬರೂ ಬಿದ್ದೆವು. ನನಗೆ ಮಂಡಿ ತರಚಿತು, ಅವಳ ಬಲಗೈ ಮಣಿಕಟ್ಟು ಮುರಿಯಿತು. ಗಾಡಿಯಿಂದ ಇಳಿದು ಬಂದ ವಯಸ್ಸಾದ ರೈತರು ಅವಳನ್ನು ಎತ್ತಿ ಕೂರಿಸಿ, ನನ್ನ ಕಡೆ ತಿರುಗಿ ‘ಏನ್ ಸ್ವಾಮಿ, ಕಣ್ ಕಾಣಾಕಿಲ್ವಾ?’ ಎಂದು ಕೇಳಿದರು. ಅದೇ ತಿಂಗಳು ನನ್ನ ಕಣ್ಣನ್ನು ನಾನೇ ಪರೀಕ್ಷಿಸಿಕೊಂಡಿದ್ದೆ. ಎರಡೂ 6/6.

ಗಾಡಿಗೆ ದೀಪವಿರಲಿಲ್ಲ, ಎದುರಿನ ಬಸ್ಸಿನ ಬೆಳಕು ಕಣ್ಣಿಗೆ ಹೊಡೆಯಿತು ಎಂದು ಕೆಲವು ದಿನ ಸಮಾಧಾನ ಹೇಳಿಕೊಂಡೆ. ಎರಡೂ ನಿಜವೇ. ಆದರೆ ಹಿಂದೆ ಕುಳಿತಿದ್ದ, ನನ್ನ ಭುಜದ ಮೇಲಿಂದ ಇಣುಕಿ ನೋಡಬೇಕಾಗಿದ್ದ, ನಾಲ್ಕು ವರ್ಷಗಳಿಂದ ಕನ್ನಡಕ ಹಾಕುತ್ತಿರುವ ನನ್ನ ಹೆಂಡತಿಗೆ ಅದೇ ಬೆಳಕಿನಲ್ಲಿ ಅದೇ ಗಾಡಿ ನನಗಿಂತ ಮೊದಲು ಕಂಡಿತು. ಇಬ್ಬರ ನಡುವೆ ಇದ್ದ ವ್ಯತ್ಯಾಸ ಅರವತ್ತು ಮಿಲಿಯದು. ಅದು ಏನು ಮಾಡಿತು ಎನ್ನುವುದನ್ನು ತಿಳಿಯಲು ನಾನು ನನ್ನ ಪಠ್ಯಪುಸ್ತಕಗಳ ಆಚೆಗೆ ಓದಬೇಕಾಯಿತು.

ನಮ್ಮ ಕಣ್ಣು ಇಡೀ ದೃಶ್ಯವನ್ನು ಒಂದೇ ಸಲಕ್ಕೆ ಸ್ಪಷ್ಟವಾಗಿ ನೋಡುತ್ತದೆ ಎನ್ನುವುದು ನಮ್ಮ ಭ್ರಮೆ. ತೋಳು ಉದ್ದಕ್ಕೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಉಗುರಿನಷ್ಟು ಜಾಗ ಕಾಣುತ್ತದಲ್ಲ, ಸುಮಾರು ಎರಡು ಡಿಗ್ರಿ, ಅಷ್ಟು ಮಾತ್ರ ಅತ್ಯಂತ ತೀಕ್ಷ್ಣವಾಗಿ ಕಾಣುವ ಭಾಗ. ಉಳಿದದ್ದು ಅಂಚಿಗೆ ಹೋದಷ್ಟೂ ಮಸುಕು. ಈ ಕೊರತೆಯನ್ನು ತುಂಬಿಕೊಳ್ಳಲು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆಯುತ್ತದೆ, ಪ್ರತಿ ನೆಗೆತದ ನಡುವೆ ಕ್ಷಣಮಾತ್ರ ನಿಂತು ನೋಡುತ್ತದೆ. ಮುಂದೆ ಎಲ್ಲಿಗೆ ನೆಗೆಯಬೇಕು ಎನ್ನುವುದನ್ನು ಅಂಚಿನ ಮಸುಕು ನೋಟವೇ ಸೂಚಿಸಬೇಕು: ಎಡಗಡೆ ಏನೋ ಕಪ್ಪಗಿದೆ, ಅತ್ತ ತಿರುಗು ಎಂದು. ಹಾಗಾಗಿ ರಸ್ತೆಯನ್ನು ನೋಡುವುದು ಎಂದರೆ ನಿಲ್ಲದ ಒಂದು ಹುಡುಕಾಟ.

ಈ ಹುಡುಕಾಟದ ಸ್ವರೂಪವನ್ನು ವಿವರಿಸಲು ಅಕ್ಕಿ ಆರಿಸುವ ಮೊರಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ನಮ್ಮ ಅವ್ವ ಪಡಸಾಲೆಯ ಬಾಗಿಲಿನ ಬೆಳಕಿಗೆ ಮೊರ ಇಟ್ಟುಕೊಂಡು ಕಲ್ಲು ಆರಿಸುವಾಗ, ಕರಿ ಕಲ್ಲನ್ನು ಊರಿನ ಸುದ್ದಿ ಮಾತನಾಡುತ್ತಲೇ ತೆಗೆದು ಎಸೆಯುತ್ತಿದ್ದಳು. ಬಿಳಿ ಬೆಣಚುಕಲ್ಲಿನ ಚೂರು ಹುಡುಕುವಾಗ ಮಾತ್ರ ಮಾತು ನಿಲ್ಲುತ್ತಿತ್ತು, ಬೆರಳು ಒಂದೊಂದೇ ಸಾಲಾಗಿ ಅಕ್ಕಿಯನ್ನು ಸರಿಸುತ್ತಿತ್ತು. ಮನಶ್ಶಾಸ್ತ್ರಜ್ಞೆ ಆ್ಯನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲಾಡ್ 1980ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ತಿರುಳು ನನಗೆ ಅರ್ಥವಾದದ್ದು ಈ ಮೊರದ ಮೂಲಕವೇ. ಸುತ್ತಲಿನದಕ್ಕಿಂತ ಬಣ್ಣದಂಥ ಒಂದೇ ಲಕ್ಷಣದಲ್ಲಿ ಬೇರೆಯಾದ ವಸ್ತು ತಾನಾಗಿಯೇ ಎದ್ದು ಕಾಣುತ್ತದೆ. ಸುತ್ತ ಹತ್ತು ಕಾಳಿದ್ದರೂ ನೂರು ಕಾಳಿದ್ದರೂ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಎರಡು ಮೂರು ಲಕ್ಷಣಗಳನ್ನು ಒಟ್ಟು ಸೇರಿಸಿ ನೋಡಿದರೆ ಮಾತ್ರ ಗುರುತು ಸಿಗುವಂಥ ವಸ್ತುವನ್ನು ಹುಡುಕಲು ಗಮನವನ್ನು ಒಂದರಿಂದ ಒಂದಕ್ಕೆ ಒಯ್ಯಬೇಕಾಗುತ್ತದೆ, ಸುತ್ತಲಿನ ವಸ್ತುಗಳು ಹೆಚ್ಚಿದಂತೆ ಸಮಯವೂ ಹೆಚ್ಚುತ್ತದೆ.

ರಸ್ತೆಯ ಮೇಲಿನ ಕೆಂಪು ಸಿಗ್ನಲ್, ಆಂಬುಲೆನ್ಸಿನ ಮಿನುಗುವ ದೀಪ, ಎದುರಿನ ಬಸ್ಸಿನ ಹೆಡ್‌ಲೈಟು, ಇವೆಲ್ಲ ಕರಿ ಕಲ್ಲುಗಳು. ದೀಪವಿಲ್ಲದ ಕಬ್ಬಿನ ಗಾಡಿ, ಕಪ್ಪು ಕಂಬಳಿ ಹೊದ್ದು ರಸ್ತೆ ದಾಟುವ ಮುದುಕ, ಒಕ್ಕಣೆಗೆಂದು ಹರಡಿದ ಹುರುಳಿ ಸೊಪ್ಪಿನ ಪಕ್ಕದಲ್ಲಿ ಅಂಚಿಗೆ ಇಟ್ಟ ಗುಂಡುಕಲ್ಲು, ಇವೆಲ್ಲ ಬೆಣಚು. ಕುಡಿದವನಿಗೆ ಕರಿ ಕಲ್ಲು ಕಾಣುತ್ತಲೇ ಇರುತ್ತದೆ. ಅದಕ್ಕೇ ಅವನಿಗೆ ತನ್ನ ಕಣ್ಣಿನ ಮೇಲೆ ಅಷ್ಟು ನಂಬಿಕೆ.

ಮದ್ಯ ಈ ಹುಡುಕಾಟವನ್ನು ಎರಡು ಕಡೆಯಿಂದ ಕೆಡಿಸುತ್ತದೆ. ಒಂದು, ಕಣ್ಣಿನ ನೆಗೆತವೇ ನಿಧಾನವಾಗುತ್ತದೆ: ನೆಗೆತ ಶುರುವಾಗಲು ತಡ, ಶುರುವಾದ ಮೇಲೆ ವೇಗ ಕಡಿಮೆ, ನಿಂತ ಕಡೆ ಹೆಚ್ಚು ಹೊತ್ತು. ಅಮೆರಿಕದ ಸಂಶೋಧಕ ಹರ್ಬರ್ಟ್ ಮಾಸ್ಕೊವಿಟ್ಜ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಜನರಿಗೆ ರಸ್ತೆಯ ದೃಶ್ಯಗಳನ್ನು ತೋರಿಸಿ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ಮದ್ಯ ಸೇವಿಸಿದವರ ಕಣ್ಣು ಒಂದೊಂದು ಕಡೆ ಹೆಚ್ಚು ಹೊತ್ತು ನಿಂತು, ಅಷ್ಟೇ ಸಮಯದಲ್ಲಿ ಕಡಿಮೆ ಕಡೆಗೆ ಹೋಗುವುದು ಕಂಡುಬಂತು. ನಾನು ಅಂದು ‘ಕಣ್ಣನ್ನು ರಸ್ತೆಗೆ ಕೀಲಿಸಿಕೊಂಡು’ ಓಡಿಸಿದೆ ಎಂದೆನಲ್ಲ, ನಾನು ಜಾಗರೂಕತೆ ಎಂದುಕೊಂಡಿದ್ದ ಆ ಸ್ಥಿತಿ ಬಹುಮಟ್ಟಿಗೆ ಇದೇ ಇರಬೇಕು.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು, ನನ್ನ ವೃತ್ತಿಯವರು ಓದಲೇಬೇಕಾದದ್ದು. ಇದೇ ಮಾಸ್ಕೊವಿಟ್ಜ್ ಇನ್ನೊಬ್ಬರೊಡನೆ 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನೋಡುವವನ ಎದುರಿಗೆ ನಡುವೆ ಒಂದು ದೀಪ, ಸುತ್ತ ಅಂಚಿನಲ್ಲಿ ಆಗೊಮ್ಮೆ ಈಗೊಮ್ಮೆ ಹೊತ್ತುವ ಸಣ್ಣ ದೀಪಗಳು. ನಡುವಿನ ದೀಪ ಸುಮ್ಮನೆ ಉರಿಯುತ್ತಿದ್ದಾಗ, ಕುಡಿದವರು ಕೂಡ ಅಂಚಿನ ದೀಪಗಳನ್ನು ಗುರುತಿಸಿದರು. ನಡುವಿನ ದೀಪ ಮಿನುಗತೊಡಗಿ, ಆ ಮಿನುಗನ್ನು ಗಮನಿಸಬೇಕಾಗಿ ಬಂದ ಕೂಡಲೇ ಅಂಚಿನ ದೀಪಗಳು ಅವರಿಗೆ ತಪ್ಪಿಹೋಗತೊಡಗಿದವು. ಅಂದರೆ ಅಂಚಿನ ನೋಟ ಕುರುಡಾಗಿರಲಿಲ್ಲ. ನಡುವೆ ಒಂದು ಕೆಲಸ ಇದ್ದಾಗ ಅಂಚಿಗೆ ಕೊಡಲು ಗಮನ ಉಳಿದಿರಲಿಲ್ಲ. ನನ್ನ ಬಳಿ ಬಂದು ಚಾರ್ಟಿನ ಮುಂದೆ ಸುಮ್ಮನೆ ಕುಳಿತವನ ಕಣ್ಣು ಏಕೆ ಸರಿಯಾಗಿರುತ್ತದೆ, ಎದುರು ಬಸ್ಸಿನ ಬೆಳಕನ್ನು ನಿಭಾಯಿಸುತ್ತಿರುವವನಿಗೆ ಎಡಗಡೆಯ ಗಾಡಿ ಏಕೆ ಕಾಣುವುದಿಲ್ಲ ಎಂಬ ಎರಡು ಪ್ರಶ್ನೆಗಳಿಗೂ ಇದರಲ್ಲಿ ಉತ್ತರವಿದೆ. ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಎಂಬ ಮನಶ್ಶಾಸ್ತ್ರಜ್ಞರು 1990ರಲ್ಲಿ ಮದ್ಯದ ಈ ಪರಿಣಾಮಕ್ಕೆ ಸಮೀಪದೃಷ್ಟಿ ದೋಷದ ಹೆಸರನ್ನೇ ಎರವಲು ತೆಗೆದುಕೊಂಡು ‘ಮದ್ಯದ ಮಯೋಪಿಯ’ ಎಂದು ಕರೆದರು. ಹತ್ತಿರದ, ಎದ್ದು ಕಾಣುವ ಸಂಗತಿಗೆ ಮನಸ್ಸು ಅಂಟಿಕೊಂಡು ಉಳಿದದ್ದು ಜಾರಿಹೋಗುತ್ತದೆ ಎನ್ನುವುದು ಅವರ ಮಾತಿನ ಸಾರ. ದಿನಾ ಮೈನಸ್ ನಂಬರ್ ಬರೆಯುವ ನನಗೆ ಈ ಹೆಸರು ಮೊದಲು ತಮಾಷೆ ಎನಿಸಿತ್ತು. ಇದಕ್ಕೆ ಕೊಡಲು ನನ್ನ ಪೆಟ್ಟಿಗೆಯಲ್ಲಿ ಯಾವ ಗಾಜೂ ಇಲ್ಲ.

ಇನ್ನೊಂದು ಪ್ರಯೋಗವನ್ನು ಶಿಬಿರಗಳಲ್ಲಿ ಹೇಳಿದಾಗ ಚಾಲಕರು ನಕ್ಕು ಕೇಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಚೆಂಡನ್ನು ಕೈಯಿಂದ ಕೈಗೆ ದಾಟಿಸುವ ಆಟಗಾರರ ಒಂದು ಸಣ್ಣ ವಿಡಿಯೊ. ಎಷ್ಟು ಸಲ ದಾಟಿತು ಎಂದು ಎಣಿಸಬೇಕು. ನಡುವೆ ಗೊರಿಲ್ಲಾ ವೇಷ ಹಾಕಿದ ವ್ಯಕ್ತಿ ನಡೆದು ಬಂದು, ಎದೆ ಬಡಿದುಕೊಂಡು ಹೋಗುತ್ತಾನೆ. ಸೈಮನ್ಸ್ ಮತ್ತು ಶಾಬ್ರಿಸ್ 1999ರಲ್ಲಿ ವರದಿ ಮಾಡಿದಂತೆ, ಎಣಿಸುವುದರಲ್ಲಿ ಮುಳುಗಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆ ಗೊರಿಲ್ಲಾವನ್ನು ನೋಡಲೇ ಇಲ್ಲ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಇದೇ ವಿಡಿಯೊವನ್ನು ಕುಡಿದವರಿಗೂ ಕುಡಿಯದವರಿಗೂ ತೋರಿಸಿದರು. ಕುಡಿಯದವರಲ್ಲಿ ಶೇ. 46ರಷ್ಟು ಜನ ಗೊರಿಲ್ಲಾವನ್ನು ಕಂಡರೆ, ಕುಡಿದವರಲ್ಲಿ ಕಂಡವರು ಶೇ. 18 ಮಾತ್ರ. ಅವರ ರಕ್ತದಲ್ಲಿದ್ದ ಮದ್ಯ 100 ಮಿ.ಲೀ.ಗೆ ಸುಮಾರು 40 ಮಿ.ಗ್ರಾಂ., ಅಂದರೆ ಅಮೆರಿಕದ ಬಹುತೇಕ ರಾಜ್ಯಗಳ ಕಾನೂನು ಮಿತಿಯ ಅರ್ಧ. ಅಲ್ಲಿಯ ಪೊಲೀಸರು ಊದಿಸಿದ್ದರೆ ಅವರೆಲ್ಲ ಸಲೀಸಾಗಿ ಪಾಸಾಗುತ್ತಿದ್ದರು.

ನಮ್ಮ ಕಾನೂನು ಈ ವಿಷಯದಲ್ಲಿ ಅವರಿಗಿಂತ ಬಿಗಿಯಾಗಿದೆ ಎನ್ನುವುದನ್ನು ಒಪ್ಪಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಮಿತಿ 30 ಮಿ.ಗ್ರಾಂ.; 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ತೊಂದರೆ ಇರುವುದು ಈ 30 ಮಿ.ಗ್ರಾಂ. ಎಂದರೆ ಗ್ಲಾಸಿನಲ್ಲಿ ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲದಿರುವುದರಲ್ಲಿ. ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ಹಾಕಿಕೊಟ್ಟ ಹಳೆಯ ಸೂತ್ರದಿಂದ ನಾನೇ ಲೆಕ್ಕ ಹಾಕಿ ನೋಡಿದೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಮದ್ಯಸಾರ ಶೇ. 42.8. ಅರವತ್ತು ಮಿಲಿ ಎಂದರೆ ಸುಮಾರು 20 ಗ್ರಾಂ ಮದ್ಯಸಾರ; ಅರವತ್ತು ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಅದು 50 ಮಿ.ಗ್ರಾಂ. ಆಸುಪಾಸಿಗೆ ಏರಬಹುದು. ಬಾಡೂಟದ ಜೊತೆಗೆ ಕುಡಿದರೆ ಸ್ವಲ್ಪ ಕಡಿಮೆ ಮತ್ತು ನಿಧಾನ. ನನ್ನ ‘ಅಳತೆ ಮಾಡಿಸಿಕೊಂಡ’ ಎರಡು ಪೆಗ್ಗಿನ ಹಣೆಬರಹ ಇಷ್ಟು. ಅಂಗಡಿಯಲ್ಲಿ ಸಿಗುವ 90 ಮಿಲಿಯ ಟೆಟ್ರಾ ಪ್ಯಾಕ್ ಒಂದೇ ಆದರೂ ಅದು 75ರ ಹತ್ತಿರಕ್ಕೆ ಒಯ್ಯುತ್ತದೆ. ಬಿಯರಿಗೇನು ಎಂದು ಕೇಳುವವರಿದ್ದಾರೆ: ಶೇ. 7ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ ಆ ಟೆಟ್ರಾ ಪ್ಯಾಕಿಗಿಂತ ಹೆಚ್ಚು ಮದ್ಯಸಾರವಿರುತ್ತದೆ.

ಇಳಿಯುವ ಲೆಕ್ಕ ಇನ್ನೂ ಮುಖ್ಯ. ಯಕೃತ್ತು ಗಂಟೆಗೆ ಸುಮಾರು 15 ಮಿ.ಗ್ರಾಂ.ನಷ್ಟನ್ನು ಮಾತ್ರ ಕರಗಿಸುತ್ತದೆ. ಕಾಫಿ ಕುಡಿದರೂ, ತಣ್ಣೀರು ಸುರಿದುಕೊಂಡರೂ, ನಿಂಬೆಹಣ್ಣು ಚೀಪಿದರೂ ಆ ವೇಗ ಹೆಚ್ಚುವುದಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಕ್ವಾರ್ಟರ್, ಅಂದರೆ 180 ಮಿಲಿ ಕುಡಿದು ಮಲಗಿದ ಅರವತ್ತು ಕೆ.ಜಿ.ಯ ಮನುಷ್ಯನ ಲೆಕ್ಕ ಸುಮಾರು 150ರಿಂದ ಶುರುವಾಗುತ್ತದೆ. ಬೆಳಗಿನ ಜಾವ ಐದಕ್ಕೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹತ್ತುವಾಗ ಅವನ ರಕ್ತದಲ್ಲಿ ಇನ್ನೂ 60 ಉಳಿದಿರುತ್ತದೆ. ನಿದ್ದೆ ಮಾಡಿ ಎದ್ದಿದ್ದೇನೆ, ಮುಖ ತೊಳೆದಿದ್ದೇನೆ, ಟೀ ಕುಡಿದಿದ್ದೇನೆ ಎಂದು ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಇಳಿಮುಖದಲ್ಲಿರುವಾಗ ಮನುಷ್ಯನಿಗೆ ತಾನು ಸರಿಯಾಗಿದ್ದೇನೆ ಎನಿಸುವುದು ಹೆಚ್ಚು ಎಂದು ಈ ವಿಷಯವನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ನನ್ನ ಶಿಬಿರದ ಸ್ಟೂಲಿನ ಮೇಲೆ ಕುಳಿತು ಕೊನೆಯ ಸಾಲು ಓದಿದ ಆ ಚಾಲಕರ ಮುಖ ಈ ಲೆಕ್ಕ ಬರೆಯುವಾಗ ಮತ್ತೆ ಮತ್ತೆ ಕಣ್ಣಮುಂದೆ ಬಂತು.

ಕಾಣುವುದು ಅರ್ಧ ಸೆಕೆಂಡ್ ತಡವಾದರೆ ಏನಾಗುತ್ತದೆ ಎಂದು ಕೇಳಬಹುದು. ಅರವತ್ತರ ವೇಗದ ಬೈಕು ಅರ್ಧ ಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ಹೆಚ್ಚು ಹೋಗಿರುತ್ತದೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ನೂರರ ವೇಗದ ಕಾರಾದರೆ ಹದಿನಾಲ್ಕು ಮೀಟರ್. ಈ ಹೆದ್ದಾರಿಯ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, ಅಪಘಾತಗಳ ಸುದ್ದಿಗಳ ನಂತರ ಅದೇ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಡಲಾಯಿತು, ವೇಗ ಹಿಡಿಯುವ ಕ್ಯಾಮೆರಾಗಳೂ ಬಂದವು. ಆದರೆ ಹೊರಗಿಟ್ಟ ಬೈಕು, ಟ್ರ್ಯಾಕ್ಟರುಗಳು ಹೋದದ್ದು ಸರ್ವಿಸ್ ರಸ್ತೆಗಳಿಗೆ ಮತ್ತು ಹಳ್ಳಿಯ ರಸ್ತೆಗಳಿಗೆ. ವೇಗವನ್ನು ಕ್ಯಾಮೆರಾ ಅಳೆಯುತ್ತದೆ. ನಾನು ಬಿದ್ದ ರಾತ್ರಿ ನನ್ನ ವೇಗದಲ್ಲಿ ದೋಷವಿರಲಿಲ್ಲ. ಅಂದು ನನ್ನ ಕಣ್ಣು ಎಲ್ಲೆಲ್ಲಿಗೆ ಹೋಗಲಿಲ್ಲ ಎನ್ನುವುದನ್ನು ಯಾವ ಕಂಬದ ಮೇಲಿನ ಯಾವ ಕ್ಯಾಮೆರಾ ದಾಖಲಿಸೀತು?

ಹೀಗಿರುವುದರಿಂದ ತಮ್ಮ ಸಮಿತಿಯ ಮುಂದೆ ಕೆಲವು ಕೋರಿಕೆಗಳನ್ನು ಇಡುತ್ತಿದ್ದೇನೆ. ಊದಿಸುವ ತಪಾಸಣೆ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ರಾತ್ರಿಯಲ್ಲಿ, ಪೇಟೆಯ ಸರ್ಕಲ್ಲುಗಳಲ್ಲಿ. ಅದು ಬೇಕು. ಅದರ ಜೊತೆಗೆ ಕಬ್ಬು ಅರೆಯುವ ಹಂಗಾಮಿನಲ್ಲಿ ಬೆಳಗಿನ ಐದರಿಂದ ಏಳರವರೆಗೆ, ಸಕ್ಕರೆ ಕಾರ್ಖಾನೆಗಳಿಗೆ ಹೋಗುವ ರಸ್ತೆಗಳಲ್ಲಿ ಮತ್ತು ಜಲ್ಲಿ ಕ್ರಷರುಗಳ ದಾರಿಯಲ್ಲಿಯೂ ಅದೇ ಯಂತ್ರವನ್ನು ಹಿಡಿದು ನಿಲ್ಲಬೇಕೆಂದು ಕೋರುತ್ತೇನೆ. ಮೊದಲ ಹದಿನೈದು ದಿನ ದಂಡ ಹಾಕದೆ, ಸಂಖ್ಯೆಯನ್ನು ಚಾಲಕನಿಗೇ ತೋರಿಸಿ, ಅವನು ಮಿತಿಯ ಕೆಳಗೆ ಇಳಿಯುವವರೆಗೆ ಗಾಡಿಯನ್ನು ಪಕ್ಕಕ್ಕೆ ಹಾಕಿಸಿದರೂ ಸಾಕು. ಕಾನೂನು ಬಲ್ಲವರು ಇದಕ್ಕೆ ತಕರಾರು ತೆಗೆಯಬಹುದು, ತೆಗೆಯಲಿ. ಆದರೆ ರಾತ್ರಿ ಕುಡಿದದ್ದು ಬೆಳಿಗ್ಗೆಯೂ ಮೈಯಲ್ಲಿದೆ ಎನ್ನುವುದನ್ನು ಆ ಸಂಖ್ಯೆಯಷ್ಟು ಚೆನ್ನಾಗಿ ಯಾವ ಭಾಷಣವೂ ಹೇಳಲಾರದು.

ಕಾಣಬೇಕಾದ ವಸ್ತುವಿನ ಕಡೆಯಿಂದಲೂ ಮಾಡಬೇಕಾದದ್ದಿದೆ. ಬೆಣಚುಕಲ್ಲಿಗೆ ಕರಿ ಬಣ್ಣ ಬಳಿಯಲು ಆಗದು, ಗಾಡಿಗೆ ಆಗುತ್ತದೆ. ಟ್ರೈಲರುಗಳಿಗೆ ಪೊಲೀಸರು ಹೊಳೆಯುವ ಪಟ್ಟಿ ಅಂಟಿಸುವುದನ್ನು ನೋಡಿದ್ದೇನೆ, ಒಳ್ಳೆಯ ಕೆಲಸ. ಆದರೆ ಅದನ್ನು ಅಂಟಿಸುವುದು ಖಾಲಿ ಟ್ರೈಲರಿನ ಹಲಗೆಗೆ. ಕಬ್ಬು ತುಂಬಿದ ಮೇಲೆ ಜಲ್ಲೆಗಳು ಮೂರು ನಾಲ್ಕು ಅಡಿ ಹಿಂದಕ್ಕೆ ಇಳಿಬಿದ್ದು ಪಟ್ಟಿಯನ್ನೂ ಹಿಂದಿನ ದೀಪವನ್ನೂ ಮುಚ್ಚಿಬಿಡುತ್ತವೆ. ಒಂದು ಗಜ ಬಟ್ಟೆಗೆ ಆ ಪಟ್ಟಿಯನ್ನು ಹೊಲಿದು, ಎರಡು ತುದಿಗೆ ಹಗ್ಗ ಕಟ್ಟಿ, ಹೊರೆಯ ಕಟ್ಟಕಡೆಯ ಜಲ್ಲೆಗಳಿಗೆ ತೂಗುಹಾಕುವಂತೆ ಮಾಡಿದರೆ ಟ್ರೈಲರಿಗೂ ಆದೀತು, ಎತ್ತಿನಗಾಡಿಗೂ ಆದೀತು. ತೂಕದ ಚೀಟಿ ಕೊಡುವ ಕಡೆಯಲ್ಲೇ ಬಟ್ಟೆಯನ್ನೂ ಕೊಟ್ಟು, ಮರಳಿ ಬಂದಾಗ ವಾಪಸು ಪಡೆಯಬಹುದು. ಕುಡಿಯದೆ ಓಡಿಸುವವರಿಗೂ ಇದರಿಂದ ಉಪಕಾರವೇ.

ಬೀಗರೂಟದ ಬಗ್ಗೆ ಆಡಳಿತ ಏನು ಮಾಡಬಹುದು ಎನ್ನುವುದು ನನಗೂ ಸ್ಪಷ್ಟವಿಲ್ಲ. ಬೀಗರೂಟಕ್ಕೆ ಅಡ್ಡಿ ಬಂದ ಅಧಿಕಾರಿ ಮಂಡ್ಯ ಜಿಲ್ಲೆಯಲ್ಲಿ ಬಹಳ ದಿನ ಇರಲಾರರು ಎಂಬ ಮಾತು ತಮಾಷೆಯದಾದರೂ ಪೂರ್ತಿ ಸುಳ್ಳಲ್ಲ. ಊಟ ಹಾಕಿಸುವ ಮನೆಯವರೇ ಒಂದು ಟೆಂಪೊ ಗೊತ್ತು ಮಾಡಿ, ಕುಡಿದವರ ಬೈಕಿನ ಕೀಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳುವ ಪದ್ಧತಿಯನ್ನು ನಮ್ಮ ಷಡ್ಡಕರು ಆ ಘಟನೆಯ ನಂತರ ಶುರು ಮಾಡಿದ್ದಾರೆ. ಕೀಲಿ ಕೊಡಲು ಜಗಳ ಆಡುವವರು ಇದ್ದೇ ಇರುತ್ತಾರೆ, ಅವರನ್ನು ನಿಭಾಯಿಸಲು ಅತ್ತೆಯಂದಿರನ್ನು ಬಿಡುತ್ತಾರೆ.

ಕೊನೆಯದು ನನ್ನ ಕೆಲಸಕ್ಕೆ ಸೇರಿದ್ದು. ಜನವರಿಯ ಶಿಬಿರಗಳಲ್ಲಿ 6/6 ಎಂದು ಬರೆದ ಚೀಟಿ ಕೈಗೆ ಬಂದ ಚಾಲಕ, ತನ್ನ ಕಣ್ಣಿಗೆ ಸರ್ಕಾರವೇ ಮುದ್ರೆ ಒತ್ತಿದೆ ಎಂದು ತಿಳಿಯುತ್ತಾನೆ. ಆ ಚೀಟಿಯ ಮೇಲೆ, ಇದು ಕುಡಿಯದೆ ಇರುವಾಗಿನ ಕಣ್ಣಿನ ಅಳತೆ, ಗಮನದ ಅಳತೆಯಲ್ಲ ಎಂದು ಒಂದು ಸಾಲು ಅಚ್ಚು ಹಾಕಿಸಲು ಅನುಮತಿ ಬೇಕು. ಜೊತೆಗೆ ಚಾರ್ಟಿನ ಪಕ್ಕದಲ್ಲಿ ಒಂದು ಮೇಜು ಬೇಕು. ಅದರ ಮೇಲೆ ಎರಡು ಮೊರ ಇಡುತ್ತೇನೆ, ಎರಡರಲ್ಲೂ ಅಕ್ಕಿ, ಒಂದರಲ್ಲಿ ಐದು ಕರಿ ಕಲ್ಲು, ಇನ್ನೊಂದರಲ್ಲಿ ಐದು ಬೆಣಚು. ಪಕ್ಕದಲ್ಲಿ ನಿಂತು ಮನೆ, ಮಕ್ಕಳು, ಕಬ್ಬಿನ ಬಾಕಿ ಎಂದು ಮಾತಿಗೆಳೆಯುತ್ತ, ಎಷ್ಟು ಹೊತ್ತಿಗೆ ಐದೂ ಸಿಕ್ಕಿದವು ಎಂದು ಗಡಿಯಾರ ನೋಡಿ ಬರೆದುಕೊಡುತ್ತೇನೆ. ಏನೂ ಕುಡಿಯದೆ ಬಂದವರಿಗೇ ಎರಡನೆಯ ಮೊರ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅವರೇ ನೋಡಿಕೊಳ್ಳಲಿ. ಇದು ವೈಜ್ಞಾನಿಕ ಪರೀಕ್ಷೆ ಎಂದು ನಾನು ಹೇಳುವುದಿಲ್ಲ, ಇದರಿಂದ ಯಾರ ಪರವಾನಗಿಯನ್ನೂ ತಡೆಯಬಾರದು. ಕಳೆದ ತಿಂಗಳು ನನ್ನ ಅಂಗಡಿಯಲ್ಲಿ ಕನ್ನಡಕಕ್ಕೆ ಬಂದವರ ಮೇಲೆ ಇದನ್ನು ಪ್ರಯೋಗಿಸಿದೆ. ಇಪ್ಪತ್ತು ವರ್ಷ ಲಾರಿ ಓಡಿಸಿದವರೊಬ್ಬರು ನಾಲ್ಕು ಬೆಣಚು ತೆಗೆದು, ಐದನೆಯದು ಇಲ್ಲವೇ ಇಲ್ಲ ಎಂದು ವಾದಿಸಿದರು. ಅದು ಅವರ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು.

ಮೊರ ಎರಡು ನನ್ನ ಬಳಿ ಇವೆ, ಅಕ್ಕಿಯನ್ನೂ ನಾನೇ ತರುತ್ತೇನೆ. ಶಿಬಿರದ ದಿನಾಂಕ ಮತ್ತು ಸ್ಥಳವನ್ನು ಒಂದು ವಾರ ಮುಂಚಿತವಾಗಿ ತಿಳಿಸಿದರೆ ಅಂಗಡಿಗೆ ರಜೆ ಹಾಕಿ ಬರಲು ಅನುಕೂಲವಾಗುತ್ತದೆ. ಮಣಿಕಟ್ಟು ಕೂಡಿದ ಮೇಲೆ ನನ್ನ ಹೆಂಡತಿಗೆ ಭಾರ ಎತ್ತಲು ಮಾತ್ರ ಕಷ್ಟ. ಕಲ್ಲು ಬೆರೆಸಿ ಕೊಡಲು ತಾನೂ ಬರುತ್ತೇನೆ ಎಂದಿದ್ದಾಳೆ.

ಗೌರವಪೂರ್ವಕ ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಕಣ್ಣು ಪರೀಕ್ಷಿಸುವ ಒಬ್ಬ ನಾಗರಿಕ
ಮಂಡ್ಯ